ಬರೆಯಲು ಕೂತಾಗ ಕಾಣುವ ಕೊಳೆ

ಬರೆಯಲು ಕೂತಾಗ ಮಾತ್ರ ಕಣ್ಣಿಗೆ ಬೀಳುವ ಒಂದು ಜಾತಿಯ ಕೊಳೆ ಇದೆ. ಬೇರೆ ಹೊತ್ತಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಮಕ್ಕಳ ಪತ್ರಿಕೆಯೊಂದಕ್ಕೆ ಆಮೆಯ ಕಥೆ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಕಂಪ್ಯೂಟರ್ ತೆರೆದು ‘ಒಂದು ಆಮೆ ಇತ್ತು’ ಅಂತ ಟೈಪ್ ಮಾಡಿದ್ದೇ ತಡ, ಕೀಬೋರ್ಡಿನ ಸಂದಿಯಲ್ಲಿ ಒಂದು ಕೂದಲೆಳೆ ಕಾಣಿಸಿತು. ಎಳೆದರೆ ಅದರ ಹಿಂದೆಯೇ ದೂಳಿನ ಉಂಡೆ ಬಂತು. ಉಂಡೆ ಬಂದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಕಿವಿಗೆ ಹಾಕುವ ಹತ್ತಿಯ ಬಡ್ಸ್ ತಂದು ಒಂದೊಂದೇ ಕೀ ಸುತ್ತ ತಿರುವಿ ತಿರುವಿ ಒರೆಸಿದೆ. ಮುಗಿಸಿ ತಲೆ ಎತ್ತಿದರೆ ಕಥೆ ಪುಟಗಟ್ಟಲೆ ಬೆಳೆದಿತ್ತು. ‘ಒಂದು ಆಮೆ ಇತ್ತುಕಕಕಕಗಗಗ;;;;;ಪಪಪಪ...’ ಕಂಪ್ಯೂಟರ್ ಅದನ್ನು ಜೋಪಾನವಾಗಿ ಸೇವ್ ಕೂಡ ಮಾಡಿತ್ತು.

ನನ್ನ ತಕರಾರು ಇಷ್ಟೇ. ಗಮನ ಕೆಡುವುದನ್ನು ಜನ ಸೋಮಾರಿಗಳ ಕಾಯಿಲೆ ಅನ್ನುವ ಹಾಗೆ ಮಾತಾಡುತ್ತಾರೆ. ಸೋಮಾರಿಗಳು ಮಲಗುತ್ತಾರೆ ಅಲ್ವಾ? ನಾನು ಮಲಗುವುದಿಲ್ಲ, ಮೈಮುರಿದು ದುಡಿಯುತ್ತೇನೆ. ಕಥೆ ಕೊಡುವ ದಿನ ಹತ್ತಿರ ಬಂದಷ್ಟೂ ಮುಚ್ಚಳ ಕಳೆದುಕೊಂಡ ಡಬ್ಬಿಗಳಿಗೆಲ್ಲ ಮುಚ್ಚಳ ಸಿಗುತ್ತದೆ. ಹಳೇ ಫೋಟೋಗಳೆಲ್ಲ ವರ್ಷದ ಪ್ರಕಾರ ಸಾಲಾಗಿ ಕೂರುತ್ತವೆ. ವರ್ಷಗಟ್ಟಲೆ ನಾನು ಉತ್ತರ ಕೊಡದ ನೆಂಟರಿಗೆ ಉದ್ದುದ್ದ ಮೆಸೇಜ್ ಹೋಗುತ್ತದೆ. ಅವರು ಗಾಬರಿ ಬಿದ್ದು ‘ಎಲ್ಲರೂ ಚೆನ್ನಾಗಿದ್ದೀರಿ ತಾನೇ?’ ಅಂತ ಫೋನ್ ಮಾಡುತ್ತಾರೆ.

ನನ್ನ ಪರವಾಗಿ ವಾದಿಸಲು ಒಬ್ಬರು ಮೇಷ್ಟ್ರೂ ಇದ್ದಾರೆ. ಅಮೆರಿಕದಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತಿದ್ದ ಜಾನ್ ಪೆರ್ರಿ 1996ರಲ್ಲಿ ಒಂದು ಪ್ರಬಂಧ ಬರೆದರು. ಮಾಡಲೇಬೇಕಾದ ಒಂದು ಕೆಲಸದಿಂದ ತಪ್ಪಿಸಿಕೊಳ್ಳಲು ಮನುಷ್ಯ ಬೇರೆ ಎಷ್ಟು ಕಷ್ಟದ ಕೆಲಸವನ್ನು ಬೇಕಾದರೂ ಮಾಡುತ್ತಾನೆ, ಅದನ್ನೇ ಬಳಸಿಕೊಳ್ಳಿ ಅನ್ನುವುದು ಅವರ ಮಾತು. ಆ ಪ್ರಬಂಧ ಬರೆದದ್ದೂ ಹಾಗೆಯೇ. ವಿದ್ಯಾರ್ಥಿಗಳ ಪೇಪರ್ ತಿದ್ದುವುದು ಬಾಕಿ ಇತ್ತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಕೆಲಸಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಇದಕ್ಕೆ 2011ರಲ್ಲಿ ಬಂತು. ಆ ಪೇಪರ್‌ಗಳ ಗತಿ ಏನಾಯಿತೋ ಪಾಪ.

ಗೆಳತಿಯೊಬ್ಬಳು ಟೈಮರ್ ಇಟ್ಟುಕೋ ಅಂದಳು. ಫ್ರಾನ್ಸೆಸ್ಕೊ ಚಿರಿಲೋ ಅನ್ನುವ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದುತ್ತಿದ್ದನಂತೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಕೇಳಲು ಚೆನ್ನಾಗಿದೆ. ಆದರೆ ನನ್ನ ಟೈಮರ್ ಇರುವುದು ಫೋನಿನಲ್ಲಿ! ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು. ಟೈಮರ್ ಒತ್ತಲು ಕೈಗೆತ್ತಿಕೊಂಡ ಫೋನು ಮತ್ತೆ ಕೆಳಗಿಳಿಯುವ ಹೊತ್ತಿಗೆ ಟೈಮರ್ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಹೊಸದೊಂದು ಆ್ಯಪ್ ಹಾಕಿಕೊಂಡೆ. ಫೋನ್ ಮುಟ್ಟದೆ ಇದ್ದಷ್ಟು ಹೊತ್ತು ಅದರಲ್ಲಿ ಪುಟ್ಟ ಗಿಡ ಬೆಳೆಯುತ್ತದೆ. ಮುಟ್ಟಿದರೆ ಸಾಯುತ್ತದೆ. ಗಿಡ ಎಷ್ಟು ಬೆಳೆಯಿತು ಅಂತ ನೋಡದೆ ಇರುವುದು ಹೇಗೆ, ನೀವೇ ಹೇಳಿ. ನನ್ನ ಫೋನಿನೊಳಗೆ ಈಗ ಒಂದು ಸುಡುಗಾಡಿದೆ.

ಕೊನೆಗೆ ಫೋನನ್ನೇ ಸೈಲೆಂಟ್ ಮಾಡಿ, ಕೈಗೆ ಸುಲಭವಾಗಿ ಸಿಗದ ಹಾಗೆ ಬೀರುವಿನ ಬಟ್ಟೆಗಳ ನಡುವೆ ತುರುಕಿದೆ. ಸುಲಭವಾಗಿ ಸಿಗಲೂ ಇಲ್ಲ. ಯಾವ ಅಟ್ಟಿಯಲ್ಲಿಟ್ಟೆ ಅನ್ನುವುದೇ ಮರೆತುಹೋಗಿತ್ತು. ನಮ್ಮ ಯಜಮಾನರ ಫೋನಿನಿಂದ ರಿಂಗ್ ಕೊಟ್ಟು ಬೀರುವಿಗೆ ಕಿವಿ ಆನಿಸಿ ನಿಂತೆ. ಸೈಲೆಂಟ್ ಫೋನು ಸದ್ದು ಮಾಡುವುದಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದೆ. ಫೋನು ಸಿಕ್ಕಿತು. ಹೇಗೂ ಹೊರಗೆ ಬಂದಿವೆಯಲ್ಲ ಅಂತ ಅಷ್ಟೂ ಬಟ್ಟೆಗಳನ್ನು ಬಣ್ಣದ ಪ್ರಕಾರ ಮಡಚಿಟ್ಟೆ. ಬೀರು ಈಗ ನೋಡಲು ಬಹಳ ಚೆಂದ.

ಇವರು ಮಾತ್ರ ನನ್ನ ಬರವಣಿಗೆಗೆ ತುಂಬಾ ಗೌರವ ಕೊಡುತ್ತಾರೆ. ಎಷ್ಟು ಗೌರವ ಅಂದರೆ, ಅದನ್ನು ಹೇಳಲು ಆಗಾಗ ಬಾಗಿಲು ತಟ್ಟಿ ಒಳಗೆ ಬರುತ್ತಾರೆ.

“ಬರೀತಿದ್ದೀಯಾ?”

“ಬರೀತಿದ್ದೆ.”

“ಬರಿ ಬರಿ. ನಾನು ಮಾತಾಡ್ಸಲ್ಲ.”

ಆಮೇಲೆ ತುದಿಗಾಲಲ್ಲಿ ಹೊರಗೆ ಹೋಗುತ್ತಾರೆ. ಆ ತುದಿಗಾಲಿನ ಸದ್ದು ಇದೆಯಲ್ಲ, ಅವರು ದಬದಬ ಅಂತ ನಡೆದರೂ ಅಷ್ಟು ಕಿವಿಗೆ ಬೀಳುವುದಿಲ್ಲ.

ಇದಕ್ಕೆ ಮದ್ದು ಹುಡುಕಿದವರೂ ಇದ್ದರು. ಹ್ಯೂಗೋ ಗರ್ನ್ಸ್‌ಬ್ಯಾಕ್ ಅನ್ನುವ ಪತ್ರಿಕಾ ಸಂಪಾದಕ 1925ರಲ್ಲಿ ತನಗಾಗಿ ಒಂದು ದೊಡ್ಡ ಟೋಪಿ ಮಾಡಿಸಿಕೊಂಡ. ತಲೆಯನ್ನು ಪೂರ್ತಿ ಮುಚ್ಚುವ ಮರದ ಟೋಪಿ. ಸದ್ದು ಬರದ ಹಾಗೆ ಒಳಗೆ ಬೆಂಡಿನ ಪದರ. ಕಣ್ಣಿನ ಗಾಜಿಗೆ ಕಪ್ಪು ಬಣ್ಣ ಬಳಿದು ತೆಳ್ಳಗೆ ಗೀರಿದ್ದರು. ಹಾಳೆಯ ಮೇಲಿನ ಒಂದು ಸಾಲು ಬಿಟ್ಟರೆ ಬೇರೇನೂ ಕಾಣಬಾರದು. ಆದರೆ ಕಾಲು ಗಂಟೆ ಆಗುವಷ್ಟರಲ್ಲಿ ಒಳಗಿನ ಗಾಳಿ ಕೆಟ್ಟು ಪುಣ್ಯಾತ್ಮನಿಗೆ ತೂಕಡಿಕೆ. ಅದಕ್ಕೊಂದು ಆಕ್ಸಿಜನ್ ಸಿಲಿಂಡರ್ ಸೇರಿಸಿದ. ಅಂದರೆ ಒಂದು ಲೇಖನ ಬರೆಯಲು ಆಸ್ಪತ್ರೆಯಲ್ಲಿ ಇರುವಷ್ಟು ಸರಂಜಾಮು. ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಆಮೆ ಕಥೆ ಬರೆಯುವ ಹೊತ್ತಿನಲ್ಲೇ ಓದಿದ್ದು.

ಒಂದು ಭಾನುವಾರ ಇವರೂ ಮಗಳೂ ಇಡೀ ದಿನ ಹೊರಗೆ ಹೋದರು. ತಟ್ಟುವವರಿಲ್ಲ, ಕರೆಯುವವರಿಲ್ಲ. ಟೋಪಿಯಿಲ್ಲದೆಯೇ ಮನೆ ಗಪ್‌ಚಿಪ್. ಕೂತೆ. ಆಮೆ ದಾರಿ ದಾಟಬೇಕಿತ್ತು. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಒಂದೇ ಒಂದು ಸಲ ಇಂಟರ್‌ನೆಟ್‌ನಲ್ಲಿ ನೋಡಿಬಿಡೋಣ ಅನ್ನಿಸಿತು. ಅಲ್ಲಿ ಜೊನಾಥನ್ ಸಿಕ್ಕಿತು. ಸೇಂಟ್ ಹೆಲೆನಾ ದ್ವೀಪದ ದೈತ್ಯ ಆಮೆ. ಹುಟ್ಟಿದ್ದು ಅಂದಾಜು 1832ರಲ್ಲಂತೆ. ಸೇಂಟ್ ಹೆಲೆನಾ ಅಂದರೆ ನೆಪೋಲಿಯನ್‌ನನ್ನು ಸೆರೆಯಲ್ಲಿಟ್ಟ ಜಾಗ ತಾನೇ? ಹಾಗಾದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಬಹುದೇ? ಇಲ್ಲ. ನೆಪೋಲಿಯನ್ 1821ರಲ್ಲೇ ಸತ್ತ, ಜೊನಾಥನ್ ಆ ದ್ವೀಪಕ್ಕೆ ಬಂದದ್ದು 1882ರಲ್ಲಿ. ನನಗೆ ನಿಜವಾಗಿಯೂ ಬೇಜಾರಾಯಿತು. ಆ ಬೇಜಾರಿನಲ್ಲಿ ಊಟದ ಹೊತ್ತು ದಾಟಿತು. ನನ್ನ ಆಮೆ ಮಾತ್ರ ದಾರಿಯ ಈಚೆ ಬದಿಯಲ್ಲೇ ನಿಂತಿತ್ತು.

ಯಾರ ಮೇಲೆ ಹಾಕೋಣ ಈ ತಪ್ಪನ್ನು? ಮನೆಯಲ್ಲಿ ಯಾರೂ ಇರಲಿಲ್ಲವಲ್ಲ. ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್ ಅನ್ನುವ ಪ್ರೊಫೆಸರ್ ಆಫೀಸುಗಳಲ್ಲಿ ಜನರ ಪಕ್ಕದಲ್ಲೇ ಕೂತು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಲೆಕ್ಕ ಹಾಕಿದ್ದಾರೆ. ಕೆಲಸಕ್ಕೆ ಬೀಳುವ ಅಡ್ಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಮಗೆ ನಾವೇ ತಂದುಕೊಂಡಿದ್ದಂತೆ. 2004ರ ಸುಮಾರಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ಕಣ್ಣು ನೆಡುತ್ತಿದ್ದರು. ಈಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ. ಇದನ್ನು ಓದುತ್ತಿದ್ದಂತೆಯೇ ನಾನು ಗಡಿಯಾರ ನೋಡಿದೆ. ನೋಡಿದ್ದರಿಂದಲೇ ಓದು ನಿಂತುಹೋಯಿತು.

ಒಂದು ಉಪಾಯ ಮಾತ್ರ ಸ್ವಲ್ಪ ಕೈಹಿಡಿಯಿತು. ಅದೂ ಚಿರಿಲೋನದೇ. ನಡುವೆ ತಲೆಗೆ ಬಂದದ್ದನ್ನು ಆಗಲೇ ಮಾಡಲು ಏಳಬಾರದು, ಪಕ್ಕದ ಚೀಟಿಯಲ್ಲಿ ಬರೆದು ಮುಂದಕ್ಕೆ ಹೋಗಬೇಕು. ಬರೆದಿಟ್ಟರೆ ಮನಸ್ಸು ‘ಮರೆತೀಯಾ’ ಅಂತ ಪೀಡಿಸುವುದು ಕಡಿಮೆಯಾಗುತ್ತದೆ. ನಿಜ ಹೇಳಬೇಕೆಂದರೆ ಚೀಟಿ ಕಥೆಗಿಂತ ಬೇಗ ತುಂಬಿತು. ‘ಮೇಲಿನ ಕಪಾಟಿನ ತಿರುಪು ಸಡಿಲ.’ ‘ಆಮೆಗೆ ಕಿವಿ ಇದೆಯಾ?’ ‘ಬೆಕ್ಕು ಮತ್ತೆ ಮರಿ ಹಾಕಿದೆಯಾ ನೋಡಬೇಕು.’ ಆದರೆ ಕಥೆ ಮುಗಿಯಿತು, ಕಳಿಸಿದ್ದೂ ಆಯಿತು.

ಮರುದಿನ ಚೀಟಿ ಮೇಜಿನ ಮೇಲಿರಲಿಲ್ಲ. ಸಂಜೆ ಇವರ ಜೇಬಿನಿಂದ ಹೊರಗೆ ಬಂತು. ಪ್ರತಿ ಸಾಲಿನ ಪಕ್ಕದಲ್ಲೂ ಅಚ್ಚುಕಟ್ಟಾಗಿ ಟಿಕ್ ಮಾರ್ಕ್. ಕಪಾಟಿನ ತಿರುಪು ಬಿಗಿಯಾಗಿತ್ತು. ‘ಮರಿ ಇಲ್ಲ, ಹೊಟ್ಟೆ ದಪ್ಪ ಅಷ್ಟೆ’ ಅಂತ ಬೆಕ್ಕಿನ ವರದಿ ಇತ್ತು. ಕಿವಿಯ ಪ್ರಶ್ನೆಗೆ ‘ಹೊರಗೆ ಕಿವಿ ಇಲ್ಲ, ಒಳಗೆ ಇದೆ’ ಅಂತ ಉತ್ತರ, ಜೊತೆಗೆ ಪೆನ್ಸಿಲ್ಲಿನಲ್ಲಿ ಆಮೆ ತಲೆಯ ಚಿತ್ರ ಬೇರೆ.

“ರೀ, ನೀವು ನಾಳೆ ಬೆಳಿಗ್ಗೆ ಆಫೀಸಿಗೆ ರಿಪೋರ್ಟ್ ಕೊಡಬೇಕಿತ್ತಲ್ಲ?”

“ಹೂಂ. ಇನ್ನೇನು ಕೂರ್ತೀನಿ,” ಅಂದರು, ಚಿತ್ರಕ್ಕೆ ಕಣ್ಣು ತಿದ್ದುತ್ತಾ. “ನೀನು ಬಂದು ಮಾತಾಡ್ಸಬೇಡ, ಅಷ್ಟೆ.”