ಯಾವುದಾದ್ರೂ ಒಂದು ಮಾಡಿ ಮೇಡಂ

ನಿನ್ನೆ ಸಂಜೆ ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದೆ. ಯಾವ ಪುಸ್ತಕ, ಯಾರದು ಅಂತ ಕೇಳಬೇಡಿ. ಐದೂವರೆಗೆ ಅಂದಿದ್ದರು, ಆರೂ ಮುಕ್ಕಾಲಾದರೂ ಅಧ್ಯಕ್ಷರು ಟ್ರಾಫಿಕ್ಕಿನಲ್ಲೇ ಇದ್ದರು. ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಮಾತಾಡಿಸುವಂಥ ಮುಖ ಒಂದೂ ಕಾಣಲಿಲ್ಲ. ಬ್ಯಾಗಿನಲ್ಲಿದ್ದ ಪುಸ್ತಕ ತೆಗೆದು ಓದುತ್ತ ಕೂತೆ. ಲೆನಾ ದಿವಾನಿ ಅನ್ನುವ ಗ್ರೀಕ್ ಲೇಖಕಿಯ ಕಾದಂಬರಿ, ಇಂಗ್ಲಿಷ್ ಅನುವಾದ. ಕತೆ ಹೇಳುವುದು ಒಂದು ಬೆಕ್ಕು.

ಪಕ್ಕದಲ್ಲಿದ್ದ ಹಿರಿಯರು ಬಗ್ಗಿ ನೋಡಿದರು. "ದಿವಾನಿ? ಮೈಸೂರು ದಿವಾನರ ಕಡೆಯವರಾ?" ಇಲ್ಲ ಸಾರ್, ಗ್ರೀಸಿನವರು, ಅಥೆನ್ಸ್ ಯೂನಿವರ್ಸಿಟಿಯಲ್ಲಿ ಹಿಸ್ಟರಿ ಪ್ರೊಫೆಸರ್ ಆಗಿದ್ದವರು ಅಂದೆ. ಪುಸ್ತಕವನ್ನು ನನ್ನ ಕೈಯಿಂದ ತಗೊಂಡರು. ಕೇಳಲೂ ಇಲ್ಲ, ತಗೊಂಡರು. ಹಿಂದೆ ಮುಂದೆ ತಿರುಗಿಸಿದರು. "ಹಿಸ್ಟರಿ ಪ್ರೊಫೆಸರು ಬೆಕ್ಕಿನ ಕತೆ ಬರೀತಾರಾ? ರಿಟೈರ್ ಆದ್ಮೇಲೆ ಟೈಂಪಾಸಾ?" ಆಮೇಲೆ ಬಂತು ಆ ಮಾತು: "ಯಾವುದಾದ್ರೂ ಒಂದು ಮಾಡ್ಬೇಕು ಮೇಡಂ. ಎರಡು ದೋಣಿ ಮೇಲೆ ಕಾಲಿಟ್ರೆ ನೀರಿಗೇ ಬೀಳೋದು."

ನಾನೇನು ಮಾಡಿದೆ ಗೊತ್ತಾ? ತಲೆ ಆಡಿಸಿದೆ. ಹೌದು ಸಾರ್ ಅನ್ನುವ ಹಾಗೆ. ಮೂವತ್ತು ವರ್ಷ ಸ್ಟಾಫ್ ರೂಮಿನಲ್ಲಿ ಕೂತ ಕುತ್ತಿಗೆ ತಾನಾಗೇ ಆಡುತ್ತದೆ.

ಬಸ್ಸು ಹತ್ತಿದ ಮೇಲೆ ಉತ್ತರಗಳು ಒಂದೊಂದಾಗಿ ಹೊಳೆದವು. ಯಾವಾಗಲೂ ಹಾಗೇ ಅಲ್ವಾ? ಹೊಳೆದದ್ದನ್ನೆಲ್ಲ ಇಲ್ಲಿ ಸುರಿಯುತ್ತಿದ್ದೇನೆ. ಉದ್ದ ಇದೆ. ಬೇಡದವರು ಮುಂದಿನ ರೀಲ್ಸ್ ನೋಡಿಕೊಳ್ಳಿ.

ಮೊದಲನೆಯದಾಗಿ, ಟೈಂಪಾಸ್ ಅಂದರಲ್ಲ, ಅದು. ಈಕೆ ಪಾಠ ಮಾಡಿದ್ದು ಅಥೆನ್ಸ್ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ. ವಿಷಯ, ಗ್ರೀಸಿನ ವಿದೇಶಾಂಗ ನೀತಿಯ ಇತಿಹಾಸ. ಅದಕ್ಕಿಂತ ಒಣಗಿದ ವಿಷಯ ಇನ್ನೊಂದಿಲ್ಲ ಅನ್ನಿಸುತ್ತದೆ ಕೇಳಿದರೆ. 1994ರಲ್ಲಿ ಕತೆಗಳ ಸಂಕಲನ ತಂದರು. 1995ರಲ್ಲಿ ಗ್ರೀಸ್ ಮತ್ತು ಅಲ್ಲಿನ ಅಲ್ಪಸಂಖ್ಯಾತರ ಬಗ್ಗೆ ದಪ್ಪನೆಯ ಅಧ್ಯಯನ. 1997ರಲ್ಲಿ ಕಾದಂಬರಿ. 2000ದಲ್ಲಿ ಗ್ರೀಸಿನ ಗಡಿಗಳು ಬೆಳೆದ ಬಗೆಯ ಮೇಲೆ ಇನ್ನೊಂದು ಇತಿಹಾಸ ಗ್ರಂಥ. ಬೆಕ್ಕು ಬಂದದ್ದು 2012ರಲ್ಲಿ, ಇಂಗ್ಲಿಷಿಗೆ 2014ರಲ್ಲಿ. ಅಂದರೆ ಈಕೆ ಮೊದಲಿನಿಂದಲೂ ಎರಡೂ ದೋಣಿಯಲ್ಲೇ ಇದ್ದಾರೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ. ನೀರಿಗೆ ಬಿದ್ದ ಸುದ್ದಿ ಇಲ್ಲ.

(ಕಾಮೆಂಟಿನಲ್ಲಿ ಯಾರೂ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ಸಿನ ಹಳೇ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತಿದೆ, ಗೋವಿಂದ ಪೈ ಹೇಳಿದ್ದಾರೆ ಅಂತ ಶುರು ಮಾಡಬೇಡಿ. ಗೊತ್ತು. ಗ್ರೀಸ್ ಅಂದ ಕೂಡಲೇ ನಮ್ಮವರು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿ ಕೂತುಬಿಡುತ್ತಾರೆ. ಬಿಎಂಶ್ರೀ ಸೊಫೊಕ್ಲಿಸನ ನಾಟಕದಿಂದ ‘ಅಶ್ವತ್ಥಾಮನ್’ ಮಾಡಿಕೊಟ್ಟ ಮೇಲೆ ಆ ದೇಶದಲ್ಲಿ ಯಾರೂ ಪೆನ್ನೇ ಹಿಡಿದಿಲ್ಲ ಅನ್ನುವ ಹಾಗೆ.)

ಎರಡನೆಯದು, ಈಕೆ ಹುಟ್ಟಿದ ಊರು. ವೋಲೋಸ್. ಬೆನ್ನಿಗೆ ಪೀಲಿಯನ್ ಬೆಟ್ಟ, ಮುಂದೆ ಕೊಲ್ಲಿ. ಅರ್ಧ ಕುದುರೆ ಅರ್ಧ ಮನುಷ್ಯರಾದ ಸೆಂಟಾರ್‌ಗಳು ಇದ್ದದ್ದು ಅದೇ ಬೆಟ್ಟದಲ್ಲಂತೆ. ಪುರಾಣ ಬಿಡಿ, ಚರಿತ್ರೆಗೆ ಬನ್ನಿ. 1830ರಲ್ಲಿ ಗ್ರೀಸ್ ಸ್ವತಂತ್ರ ದೇಶ ಆಯಿತು. ಎರಡು ವರ್ಷದ ಮೇಲೆ ದೊಡ್ಡ ದೇಶಗಳು ಕೂತು ಗಡಿ ಎಳೆದವು. ಪಶ್ಚಿಮದ ತುದಿಯಲ್ಲಿ ಆರ್ಟಾ ಕೊಲ್ಲಿ, ಪೂರ್ವದ ತುದಿಯಲ್ಲಿ ವೋಲೋಸ್ ಕೊಲ್ಲಿ, ನಡುವೆ ಒಂದು ಗೆರೆ. ವೋಲೋಸ್ ಗೆರೆಯ ಆಚೆ ಉಳಿಯಿತು, ಆಟೊಮನ್ ಸುಲ್ತಾನನ ಕಡೆ. ಗ್ರೀಸಿಗೆ ಸೇರಿದ್ದು 1881ರಲ್ಲಿ. ದಿವಾನಿ ಹುಟ್ಟಿದ್ದು 1955ರಲ್ಲಿ. ಅಂದರೆ ಊರು ‘ಗ್ರೀಸ್’ ಆಗಿ 74 ವರ್ಷ, ಅಷ್ಟೇ. ಆ ಊರಿನ ಅಜ್ಜಿಯರ ಅಜ್ಜಿಯರು ಸುಲ್ತಾನನ ಪ್ರಜೆಗಳು. ಜೊತೆಗೆ 1955ರ ಏಪ್ರಿಲ್‌ನಲ್ಲಿ ಭೂಕಂಪ ಬಂದು ಆ ಊರಿನ ಮನೆಗಳನ್ನು ಕೆಡವಿತು.

ಅಂಥ ಊರಿನ ಹುಡುಗಿ ದೊಡ್ಡವಳಾಗಿ ಗಡಿಗಳ ಬಗ್ಗೆ ಬರೆಯದೆ ಇನ್ನೇನು ಬರೆಯಬೇಕು? ಅವರ 2000ದ ಪುಸ್ತಕ ಹೇಳುವುದು 1830ರಿಂದ 1947ರವರೆಗಿನ ಕತೆ. 1864ರಲ್ಲಿ ಅಯೋನಿಯನ್ ದ್ವೀಪಗಳು ಬ್ರಿಟಿಷರಿಂದ. 1881ರಲ್ಲಿ ವೋಲೋಸ್ ಇರುವ ಥೆಸಲಿ ಪ್ರಾಂತ. 1913ರಲ್ಲಿ ಕ್ರೀಟ್, ಮೆಸಿಡೋನಿಯದ ದೊಡ್ಡ ಪಾಲು. 1947ರಲ್ಲಿ ಇಟಲಿಯಿಂದ ಡೋಡೆಕನೀಸ್ ದ್ವೀಪಗಳು. ನಮ್ಮ ಏಕೀಕರಣಕ್ಕೇ ಎಷ್ಟು ಸುಸ್ತಾದೆವು ಅಂತ ನೆನಪಿಸಿಕೊಳ್ಳಿ. ಅವರದು 117 ವರ್ಷದ ಕಂತು.

ಈಗ ಆ ಹಿರಿಯರನ್ನು ಕೇಳುತ್ತೇನೆ. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನು ಬದಲಾಯಿಸಿಕೊಂಡವು. ದನದ ಜಾತ್ರೆಯಲ್ಲಿ ಎತ್ತು ಬದಲಾಯಿಸಿಕೊಂಡ ಹಾಗೆ. ಹನ್ನೆರಡು ಲಕ್ಷದಷ್ಟು ಕ್ರೈಸ್ತರು ಗ್ರೀಸಿನ ಪಾಲಿಗೆ, ಮೂರೂವರೆ ನಾಲ್ಕು ಲಕ್ಷದಷ್ಟು ಮುಸ್ಲಿಮರು ಟರ್ಕಿಯ ಪಾಲಿಗೆ. ಯಾರು ಎಲ್ಲಿಗೆ ಅನ್ನುವುದನ್ನು ತೀರ್ಮಾನಿಸಿದ್ದು ಧರ್ಮ, ಭಾಷೆ ಅಲ್ಲ. ಹಾಗಾಗಿ ಕ್ರೀಟ್ ದ್ವೀಪದಲ್ಲಿ ಗ್ರೀಕ್ ಬಿಟ್ಟರೆ ಬೇರೆ ಮಾತೇ ಬಾರದ ಮುಸ್ಲಿಂ ಅಜ್ಜಿಯನ್ನು ಹಡಗು ಹತ್ತಿಸಿ ಟರ್ಕಿಯ ಆಯ್ವಲಿಕ್ ಕಡೆ ಇಳಿಸಿದರು. ಟರ್ಕಿಶ್ ಬಿಟ್ಟರೆ ಬೇರೆ ಬಾರದ ಅನಟೋಲಿಯದ ಕ್ರೈಸ್ತ ಅಜ್ಜಿಯನ್ನು ಗ್ರೀಸಿನಲ್ಲಿ ಇಳಿಸಿದರು. ಒಪ್ಪಂದದ ಕಲಮುಗಳಲ್ಲಿ ಇದು ಸಿಗುತ್ತದೆ. ಎಣಿಕೆ ಸಿಗುತ್ತದೆ. ಆದರೆ ಆ ಅಜ್ಜಿ ಹೊಸ ಊರಿನ ಬಾವಿಕಟ್ಟೆಯಲ್ಲಿ ಮೊದಲ ದಿನ ಬಾಯಿ ತೆಗೆದಾಗ ಕೊಡ ಹಿಡಿದ ಹೆಂಗಸರು ಹೇಗೆ ನೋಡಿದರು? ಅದು ಯಾವ ಕಡತದಲ್ಲಿದೆ ಸಾರ್? ಅಲ್ಪಸಂಖ್ಯಾತರ ಮೇಲೆ ವರ್ಷಗಟ್ಟಲೆ ಕಡತ ಓದಿದವಳಿಗೆ ಆ ಪ್ರಶ್ನೆ ರಾತ್ರಿ ನಿದ್ದೆ ಕೊಡುತ್ತದಾ? ಅವಳೇ ಬರೆಯಬಾರದು ಅಂದರೆ ಯಾರು ಬರೆಯಬೇಕು, ಕಡತದ ಧೂಳು ಕೂಡ ಕುಡಿಯದವರಾ?

ಯಾವುದಾದ್ರೂ ಒಂದು ಮಾಡಿ ಅಂತೆ.

2019ರಲ್ಲಿ ದಿವಾನಿ ಗ್ರೀಸಿನ ಚರಿತ್ರೆಯನ್ನು ಜೋಡಿಗಳ ಮೂಲಕ ಹೇಳುವ ಪುಸ್ತಕ ತಂದರು. ನನಗೆ ಗ್ರೀಕ್ ಬರುವುದಿಲ್ಲ, ಅದನ್ನು ಓದಿಲ್ಲ. ಆದರೆ ಈ ಉಪಾಯ ಅಲ್ಲಿ ಯಾಕೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಒಂದು ಜೋಡಿಯ ಕತೆ ಸಾಕು. ಆ ದೇಶದವರಿಗೆಲ್ಲ ಗೊತ್ತಿರುವ ಕತೆ, ನಮಗೆ ಗೊತ್ತಿಲ್ಲ.

ಪೆನೆಲೊಪಿ ಡೆಲ್ಟಾ. ಹುಟ್ಟಿದ್ದು 1874ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ. ಅಪ್ಪ ಬೆನಾಕಿಸ್, ಹತ್ತಿಯ ದೊಡ್ಡ ವ್ಯಾಪಾರಿ. ಮಕ್ಕಳಿಗಾಗಿ ಅವಳು ಬರೆದ ಚಾರಿತ್ರಿಕ ಕಾದಂಬರಿಗಳನ್ನು ಗ್ರೀಕ್ ಮಕ್ಕಳು ಇವತ್ತಿಗೂ ಓದುತ್ತಾರೆ. ಮದುವೆಯಾಗಿ ಮೂರು ಹೆಣ್ಣುಮಕ್ಕಳಾದ ಮೇಲೆ, 1905ರಲ್ಲಿ, ಆ ಊರಿಗೆ ಗ್ರೀಸಿನ ವೈಸ್ ಕಾನ್ಸಲ್ ಆಗಿ ಇಯೋನ್ ಡ್ರಾಗೂಮಿಸ್ ಬಂದ. ರಾಜತಾಂತ್ರಿಕ, ಲೇಖಕ, ಸ್ಫುರದ್ರೂಪಿ. ಇಬ್ಬರಿಗೂ ಪ್ರೀತಿಯಾಯಿತು. ಮನೆಯವರು ಬಿಡಲಿಲ್ಲ. ಬೇರೆಯಾದರು. ಅವನು ಮುಂದೆ ಪ್ರಸಿದ್ಧ ನಟಿಯೊಬ್ಬಳ ಜೊತೆಗಿದ್ದ.

ಆಮೇಲೆ ದೇಶವೇ ಇಬ್ಭಾಗವಾಯಿತು. ರಾಜನ ಕಡೆಯವರು, ಪ್ರಧಾನಿ ವೆನಿಜೆಲೋಸನ ಕಡೆಯವರು. ಅವಳ ಅಪ್ಪ ವೆನಿಜೆಲೋಸನ ಬಲಗೈ. ಡ್ರಾಗೂಮಿಸ್ ಎದುರು ಪಾಳಯ. 1920ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣದಲ್ಲಿ ವೆನಿಜೆಲೋಸನ ಮೇಲೆ ಗುಂಡು ಹಾರಿತು, ಅವನು ಬದುಕಿದ. ಮರುದಿನ ಅಥೆನ್ಸಿನಲ್ಲಿ ವೆನಿಜೆಲೋಸನ ಕಡೆಯ ಪಡೆಯವರು ಡ್ರಾಗೂಮಿಸನನ್ನು ಕಾರಿನಿಂದ ಇಳಿಸಿ ಗುಂಡಿಟ್ಟು ಕೊಂದರು. ಅವತ್ತಿನಿಂದ ಪೆನೆಲೊಪಿ ಕಪ್ಪು ಬಟ್ಟೆ ಬಿಡಲಿಲ್ಲ. ಗಂಡ ಬದುಕಿದ್ದಾನೆ, ಅವಳು ಶೋಕದಲ್ಲಿದ್ದಾಳೆ. ಅದೂ ತನ್ನ ಅಪ್ಪನ ಪಾಳಯ ಕೊಂದವನಿಗಾಗಿ.

ವರ್ಷಗಳು ಕಳೆದ ಮೇಲೆ ಡ್ರಾಗೂಮಿಸನ ತಮ್ಮ ಅಣ್ಣನ ಡೈರಿಗಳನ್ನು ತಂದು ಅವಳ ಕೈಗಿಟ್ಟ. ಅಷ್ಟು ಹೊತ್ತಿಗೆ ಅವಳ ಮೈಗೆ ಲಕ್ವ ಹೊಡೆದಿತ್ತು. ಅವಳು ಕೂತು ಆ ಡೈರಿಗಳಿಗೆ ಟಿಪ್ಪಣಿ ಮಾಡಿದಳು. ಕಾದಂಬರಿಗಾರ್ತಿ, ಪ್ರೀತಿಸಿದವನ ಕಾಗದಪತ್ರಕ್ಕೆ ಟಿಪ್ಪಣಿ! 1941ರ ಏಪ್ರಿಲ್ 27, ಜರ್ಮನ್ ಸೈನ್ಯ ಅಥೆನ್ಸ್ ಹೊಕ್ಕ ದಿನ, ವಿಷ ತಗೊಂಡಳು. ಕೆಲ ದಿನಗಳ ಮೇಲೆ ಸತ್ತಳು. ಅಥೆನ್ಸಿನ ಹೊರವಲಯದ ಕಿಫಿಸಿಯಾದಲ್ಲಿದ್ದ ಅವಳ ಮನೆಯ ತೋಟದಲ್ಲೇ ಮಣ್ಣು ಮಾಡಿದರು. ಕಲ್ಲಿನ ಮೇಲೆ ಒಂದೇ ಪದ. ಸಿಯೊಪಿ. ಮೌನ.

ಆ ಮನೆ ಈಗ ಏನಾಗಿದೆ ಗೊತ್ತಾ? ಬೆನಾಕಿ ಮ್ಯೂಸಿಯಂನವರ ಐತಿಹಾಸಿಕ ದಾಖಲೆಗಳ ಸಂಗ್ರಹ. ಸಂಶೋಧಕರು ಪೆನ್ಸಿಲ್ ಹಿಡಿದು ಹೋಗುವ ಜಾಗ. ತೋಟದಲ್ಲಿ ಅವಳು, ಒಳಗೆ ಕಡತ. ಇಲ್ಲಿ ಇತಿಹಾಸ ಎಲ್ಲಿಗೆ ಮುಗಿದು ಕಾದಂಬರಿ ಎಲ್ಲಿಂದ ಶುರು ಅಂತ ಗೆರೆ ಎಳೆದು ತೋರಿಸಲಿ ನಮ್ಮ ಹಿರಿಯರು. ಆರ್ಟಾದಿಂದ ವೋಲೋಸ್‌ವರೆಗೆ ಎಳೆದ ಹಾಗೆ.

ಅಂದ ಹಾಗೆ ಗ್ರೀಕಿನಲ್ಲಿ ಎರಡಕ್ಕೂ ಒಂದೇ ಪದ, ಇಸ್ತೊರಿಯಾ. ಪಕ್ಕದ ಮನೆಯ ಕತೆಯೂ ಇಸ್ತೊರಿಯಾ, ದೇಶದ ಇತಿಹಾಸವೂ ಇಸ್ತೊರಿಯಾ. ನಮ್ಮಲ್ಲೇನು ಬೇರೆಯಾ? ಜನ್ನನ ಯಶೋಧರನದೂ ಚರಿತೆಯೇ, ಎಂಟನೇ ಕ್ಲಾಸಿನ ಬೈಂಡು ಕಿತ್ತ ಪುಸ್ತಕದ್ದೂ ಚರಿತ್ರೆಯೇ.

ಹಾಗಂತ ಅವರ ಮಾತಿನಲ್ಲಿ ಹುರುಳೇ ಇಲ್ಲವಾ? ಇದೆ ಅಂತಿಟ್ಟುಕೊಳ್ಳಿ. ಕಟ್ಟುಕತೆಯನ್ನೇ ಇತಿಹಾಸ ಅಂತ ಮಾರುವವರು ಎಷ್ಟು ಜನ ಇದ್ದಾರೆ. ಬೆಳಗಾದರೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲೇ ಗುಡ್ ಮಾರ್ನಿಂಗ್ ಗುಲಾಬಿಯ ಕೆಳಗೆ ನಾಲ್ಕು ಬರುತ್ತವೆ. ಆದರೆ ಅದನ್ನು ಕಳಿಸುವವರು ಕಾದಂಬರಿಕಾರರಲ್ಲ ಸ್ವಾಮಿ. ಅವರಿಗೆ ಕಡತವೂ ಬೇಡ, ಕಲ್ಪನೆಯೂ ಇಲ್ಲ. ಎರಡೂ ಕೆಲಸ ಮಾಡಿದವರಿಗೆ ನಡುವಿನ ಗೋಡೆ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿರುತ್ತದೆ, ದಿನಾ ಅದನ್ನೇ ಹಾರುತ್ತಿರುತ್ತಾರಲ್ಲ. ‘ಶಾಂತಲಾ’ ಬರೆದ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸಿದವರು. ಕೊಡಗಿನ ಕೊನೆಯ ಅರಸನ ಕತೆ ಬರೆದ ಮಾಸ್ತಿ ಸರ್ಕಾರಿ ಅಧಿಕಾರಿಯಾಗಿದ್ದವರು. ಸರಿಯಾಗೇ ಬರೆದರು, ನಾವು ಕಣ್ಣಿಗೊತ್ತಿಕೊಂಡೆವು. ಡಂಬೆಲ್ ಎತ್ತಿದವರು ಬರೆಯಬಹುದು, ಹಿಸ್ಟರಿ ಮೇಡಂ ಬರೆದರೆ ಮಾತ್ರ ಟೈಂಪಾಸ್.

ಇನ್ನು ಬೆಕ್ಕಿನ ವಿಷಯ. ಇಂಗ್ಲಿಷಿನವರ ಬೆಕ್ಕಿಗೆ ಒಂಬತ್ತು ಜೀವ. ಗ್ರೀಕರ ಬೆಕ್ಕಿಗೆ ಏಳೇ. ‘ಏಳೇಳು ಜನ್ಮ’ ಅನ್ನುವ ನಮಗೆ ಈ ಲೆಕ್ಕ ಸಲೀಸು. ಈ ಪುಸ್ತಕದ ಬೆಕ್ಕು ಏಳನೇ ಜೀವದಲ್ಲಿದೆ, ಕೊನೆಯದು. ಒಬ್ಬ ಲೇಖಕಿಯ ಮನೆ ಸೇರಿ ಅವಳ ಮನಸ್ಸು ಗೆಲ್ಲಲು ನೋಡುತ್ತದೆ. ಹಿಂದೆ ಆರು ಸಲ ಬದುಕಿ ಬಂದ ಗತ್ತು ಅದರ ಮಾತಿನಲ್ಲಿದೆ. ಓದುತ್ತ ನಗುತ್ತಿದ್ದೆ. ಸುಮ್ನೆ ನಗುತ್ತಿದ್ದೆ, ದೊಡ್ಡ ಅರ್ಥ ಹುಡುಕದೆ. ಆಗಲೇ ಆ ಹಿರಿಯರು ಪುಸ್ತಕ ಕಿತ್ತುಕೊಂಡದ್ದು.

ಈಗ ಒಂದು ವಿಷಯ ಹೇಳಿಬಿಡುತ್ತೇನೆ. ಹೇಳಬಾರದು ಅಂತ ಎರಡು ಸಲ ಅಳಿಸಿದೆ.

ನನ್ನ ಪಿಎಚ್‌ಡಿ ಇನಾಂ ಜಮೀನಿನ ದಾಖಲೆಗಳ ಮೇಲೆ ಅಂತ ನಿಮಗೆ ಗೊತ್ತು, ಹಳಬರಿಗೆ. ಆ ಕಡತಗಳಲ್ಲಿ ಒಬ್ಬ ವಿಧವೆಯ ಅರ್ಜಿ ಸಿಕ್ಕಿತ್ತು. ಕಂದಾಯ ಕಟ್ಟಿಲ್ಲ ಅಂತ ಎಮ್ಮೆ ಎಳೆದುಕೊಂಡು ಹೋಗಿದ್ದಾರೆ, ಕರು ಮನೆಯಲ್ಲೇ ಉಳಿದಿದೆ, ರಾತ್ರಿ ಪೂರ್ತಿ ಕೂಗುತ್ತದೆ, ಒಂದೋ ಎಮ್ಮೆ ಕೊಡಿ, ಇಲ್ಲ ಕರುವನ್ನೂ ಕರೆದುಕೊಂಡು ಹೋಗಿ. ಕೆಳಗೆ ಹೆಬ್ಬೆಟ್ಟು. ಪ್ರಬಂಧದಲ್ಲಿ ಅವಳು ಅಡಿಟಿಪ್ಪಣಿ 112 ಆದಳು. ನಾನು ಮಾತ್ರ ರಾತ್ರಿ ಕೂತು ಅವಳ ಮೇಲೆ ಕಾದಂಬರಿ ಶುರು ಮಾಡಿದೆ. ಐದು ಅಧ್ಯಾಯ. ಆಗ ನನ್ನ ಮೇಲಿದ್ದವರಿಗೆ ಯಾರೋ ಹೇಳಿದರು. ಅವರು ನಗುತ್ತಲೇ ಅಂದರು, "ಯಾವುದಾದರೂ ಒಂದು ಮಾಡಮ್ಮ." ಆಗಲೂ ನನ್ನ ಕುತ್ತಿಗೆ ಆಡಿತು.

ಇದಿಷ್ಟೇ ಆಗಿದ್ದರೆ ಅವರಿವರನ್ನು ಬೈದು ಮಲಗಬಹುದಿತ್ತು. ಹೋದ ವರ್ಷ ಎಂಎ ಓದುವ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು. ಡಿಸರ್ಟೇಷನ್ ಜೊತೆಗೆ ಒಂದು ಕತೆ ಬರೆದಿದ್ದಳು, ಓದಿ ಮೇಡಂ ಅಂತ ಕೊಟ್ಟಳು. ಚೆನ್ನಾಗಿತ್ತು. ಚೆನ್ನಾಗಿದೆ ಅಂತ ಗೊತ್ತಾದ ಮೇಲೂ, ಇದೇ ಬಾಯಿಂದ, ಅದೇ ನಗು ನಕ್ಕು, ನಾನು ಏನಂದೆ ಅಂತ ಊಹೆ ಮಾಡಿಕೊಳ್ಳಿ. ಅವಳೂ ತಲೆ ಆಡಿಸಿ ಹೋದಳು. ನಿನ್ನೆ ಬಸ್ಸಿನಲ್ಲಿ ಮೈ ಉರಿದದ್ದು ಆ ಹಿರಿಯರ ಮೇಲೆ ಮಾತ್ರ ಅಲ್ಲ.

ಇವತ್ತು ಬೆಳಗ್ಗೆ ಅವಳಿಗೆ ಫೋನ್ ಮಾಡಿದೆ. ಕತೆ ಇನ್ನೂ ಇದೆಯಾ ಅಂದೆ. "ಯಾವ ಕತೆ ಮೇಡಂ?" ಅಂದಳು. ಇನ್ನೊಂದು ಸಲ ಕೇಳಲು ಬಾಯಿ ಬರಲಿಲ್ಲ.

ಮಧ್ಯಾಹ್ನ ಬೀರುವಿನ ಮೇಲಿನ ಟ್ರಂಕ್ ಇಳಿಸಿದೆ. ಸೊಂಟ ಹಿಡಿದಿದೆ, ಅದು ಬೇರೆ. ಕಟ್ಟು ಸಿಕ್ಕಿತು. ಮೊದಲ ಅಧ್ಯಾಯವನ್ನು ಹುಳ ಪೂರ್ತಿ ತಿಂದಿದೆ. ಪರವಾಗಿಲ್ಲ, ಅದರಲ್ಲಿ ಬರೀ ಬೆಟ್ಟ, ಮಳೆ, ಮಂಜು ಇತ್ತು. ಎರಡನೆಯದು ಎಮ್ಮೆ ಎಳೆದುಕೊಂಡು ಹೋಗುವಲ್ಲಿಂದ ಶುರುವಾಗುತ್ತದೆ. ಅದು ಹಾಗೇ ಇದೆ.