ಬ್ಯಾಗ್ ಹಚ್ಚೂದು ಹತ್ತ ನಿಮಿಷದ ಪಾಠ ಅಲ್ರೀ

ನಿಮ್ಮ ಲೇಖನದಾಗ "ಸ್ಟೋಮಾ ಬ್ಯಾಗ್ ಬದಲಿಸುವುದನ್ನು ಮನೆಯವರು ಡಿಸ್ಚಾರ್ಜ್ ಹೊತ್ತಿಗೆ ಕಲಿತುಬಿಡುತ್ತಾರೆ" ಅಂತ ಬರದೀರಲ್ಲ, ಅದೊಂದ ಮಾತು ನಾ ಒಪ್ಪಂಗಿಲ್ರೀ. ಸ್ಟೋಮಾ ಅಂದ್ರ ಮಲ ಹೊರಗ ಬರಾಕ ಕರುಳನ್ನ ಹೊಟ್ಟಿ ಮ್ಯಾಲೆ ತಂದು ಮಾಡಿದ ಬಾಯಿ, ಅದರ ಮ್ಯಾಲೆ ಅಂಟಿಸೂ ಚೀಲನ ಈ ಬ್ಯಾಗ್. ನಮ್ಮಪ್ಪಗ ಹುಬ್ಬಳ್ಳ್ಯಾಗ ಆಪರೇಶನ್ ಮಾಡಿ ಸಣ್ಣಕರುಳು ಹೊಟ್ಟಿ ಮ್ಯಾಲೆ ತಂದು ಕೂಡಿಸಿದ್ರು, ಬಿಡೂ ದಿನ ಹತ್ತ ನಿಮಿಷ ತೋರಿಸಿ ಕಳಿಸಿದ್ರು, ನಾವು ರೋಣದ ಕಡೆ ನಮ್ಮ ಹಳ್ಳಿಗೆ ಬಂದು ಅವತ್ತು ಅವರು ಕೊಟ್ಟ ಅಳತಿನ ಹಿಡಕೊಂಡು ಎರಡ ತಿಂಗಳು ಬ್ಯಾಗಿನ ಅಂಟೂ ಭಾಗದಾಗ ಅದ ಸೈಜಿಂದು ತೂತು ಕತ್ತರಿಸಿಕೋತ ಕುಂತ್ವಿ. ಸ್ಟೋಮಾ ಮೊದಲ 6-8 ವಾರ ಬಾವು ಇಳದು ಸಣ್ಣದಾಗ್ತಾ ಹೋಗ್ತದ, ಆಗಾಗ ಅಳೀಬೇಕು, ತೂತು ಅದಕ್ಕಿಂತ 2-3 ಮಿಲಿಮೀಟರ್ ಅಷ್ಟ ದೊಡ್ಡದಿರಬೇಕು ಅಂತ ನಮಗ ಯಾರು ಹೇಳ್ಬೇಕು? ಸಣ್ಣಕರುಳಿಂದ ಬರೂದ್ರಾಗ ಜೀರ್ಣರಸ ಇರ್ತದ, ತೂತು ದೊಡ್ಡದಾಗಿ ಬಯಲಾಗಿದ್ದ ಚರ್ಮಕ್ಕ ಅದು ತಾಗಿ ತಾಗಿ ಸುಟ್ಟಂಗಾಗಿ ಬ್ಯಾಗ್ ಅಂಟೂದ ಬಿಡ್ತು, ಸೋರ್ತದ ಅಂತ ಹೆದರಿ ಅಪ್ಪ ಉಣ್ಣೂದ ಕಡಿಮಿ ಮಾಡಿದ (ಎರಡ ರೊಟ್ಟಿ ಇಲ್ಲದ ಏಳೂ ಮನಷ್ಯಾ ಅಲ್ಲ ಅಂವ). ಕಡೀಕ ಇದ ಕೆಲಸ ಕಲತ ನರ್ಸೊಬ್ರು ಸಿಕ್ಕು, ಅಳತಿ ಕಾರ್ಡ್ ಇಟ್ಟು ಸ್ಟೋಮಾ ಅಳದು, ಹಸಿ ಚರ್ಮ ಒಣಗಿಸೂ ಸ್ಟೋಮಾ ಪೌಡರ್ ಉದುರಿಸಿ ಹೆಚ್ಚಾಗಿದ್ದು ಝಾಡಿಸಿ ಬ್ಯಾಗ್ ಹಚ್ಚೂದು ತೋರಿಸಿದ್ರು, ಸ್ವಲ್ಪ ದಿನದಾಗ ಚರ್ಮ ಮಾಯ್ತು. ಸರ್ಜನ್ ಬಗ್ಗೆ ಅಷ್ಟುದ್ದ ಬರದೀರಿ, ಅಂಥಾ ನರ್ಸ್ ಬಗ್ಗೆ ಒಂದ ಸಾಲೂ ಇಲ್ಲಲ್ರೀ.