ಹಲಸಿನ ಮರ ನುಂಗಿದ ಬೇಲಿ

ಸಾಮಿಲ್ಲಿನವನಿಗೆ ಮರ ಯಾವುದು, ಎಷ್ಟು ದಪ್ಪ ಅನ್ನೋದೆಲ್ಲ ಆಮೇಲೆ. ಅವನ ಮೊದಲ ಪ್ರಶ್ನೆಯೇ, "ಬೇಲಿ ಸಾಲಿನದ್ದಾ?" ಹೌದು ಅಂದಿರೋ, ಜಾತಕ ಕೂಡಿಬರಲಿಲ್ಲ ಅನ್ನುವ ಗಂಡಿನ ಕಡೆಯವರ ಹಾಗೆ ಮುಖ ಆ ಕಡೆ ತಿರುಗಿಸುತ್ತಾನೆ.

ನಮ್ಮದು ಬೇಲಿ ಸಾಲಿನದ್ದೇ. ತೀರ್ಥಹಳ್ಳಿ ಕಡೆ ತೋಟಕ್ಕೆ ಬೇಲಿ ಹಾಕುವಾಗ ಕಲ್ಲುಕಂಬ ಎಲ್ಲಿ ಸಾಲದೆ ಬಂತೋ ಅಲ್ಲಿ ಮರಕ್ಕೇ ಯು ಮೊಳೆ ಹೊಡೆದು ಮುಳ್ಳುತಂತಿ ಬಿಗಿದುಬಿಡುತ್ತಾರೆ. ಬಿಟ್ಟಿ ಕಂಬ ಅಲ್ವಾ? ನಮ್ಮ ದೊಡ್ಡಪ್ಪನಂತೂ ಮರ ಕಂಡರೆ ಸುತ್ತಿಗೆ ಹುಡುಕುವ ಪೈಕಿ. ಬೇಲಿ ತಂತಿ, ಬಟ್ಟೆ ಒಣಹಾಕುವ ಹಗ್ಗದ ಕೊಕ್ಕೆ, ಟಿವಿ ಕೇಬಲ್ಲು, ಏನಿದ್ದರೂ ಮರದ ಮೈಮೇಲೆ. ಗೇಟಿನ ಹತ್ತಿರದ ಮಾವಿನ ಮರಕ್ಕೆ "ನಾಯಿ ಇದೆ ಎಚ್ಚರಿಕೆ" ಅಂತ ತಗಡಿನ ಬೋರ್ಡು ಹೊಡೆದಿದ್ದರು. ತೊಗಟೆ ಎರಡೂ ಬದಿಯಿಂದ ಉಬ್ಬಿ ಬಂದು "ನಾಯಿ"ಯನ್ನೂ ನುಂಗಿತು, "ಎಚ್ಚರಿಕೆ"ಯನ್ನೂ ನುಂಗಿತು. ಈಗ "ಇದೆ" ಅಂತಷ್ಟೇ ಕಾಣುತ್ತದೆ. ನಾಯಿ ಸತ್ತು ಎಷ್ಟೋ ಕಾಲವಾಯಿತು. ಮನೆಗೆ ಬಂದವರು ಮಾತ್ರ "ಏನಿದೆ?" ಅಂತ ಕೇಳೋದು ಬಿಟ್ಟಿಲ್ಲ.

ತೊಗಟೆಯ ಅಡಿಯಲ್ಲಿ ಒಂದು ತೆಳುವಾದ ಪದರ ಇರುತ್ತದೆ. ಅದು ಒಳಗಡೆ ಕಟ್ಟಿಗೆಯನ್ನೂ ಹೊರಗಡೆ ತೊಗಟೆಯನ್ನೂ ಬೆಳೆಸುತ್ತಾ ಹೋಗುತ್ತದೆ. ಅಡ್ಡ ಬಂದ ತಂತಿಯನ್ನು ದೂಡಲಿಕ್ಕಾಗದೆ ಬಳಸಿಕೊಂಡು ಬೆಳೆಯುತ್ತದೆ. ಎರಡೂ ಕಡೆಯ ಅಂಚು ಕೂಡಿಕೊಂಡರೆ ತಂತಿ ಒಳಗೆ. ಅಡಿಕೆ, ತೆಂಗಿಗೆ ಈ ಪದರವೇ ಇಲ್ಲ. ಮೊಳೆ ಹೊರಗೇ ತುಕ್ಕು ಹಿಡಿಯುತ್ತಾ ಕೂರುತ್ತದೆ, ಗಾಯವೂ ಮುಚ್ಚುವುದಿಲ್ಲ. ಇನ್ನು ಮರದ ಸುತ್ತ ಬಿಗಿಯಾಗಿ ತಂತಿ ಸುತ್ತಿದರೆ ಕಥೆ ಬೇರೆ. ಎಲೆಯ ಸಕ್ಕರೆ ಬೇರಿಗೆ ಇಳಿಯೋದು ಒಳತೊಗಟೆಯ ದಾರಿಯಲ್ಲಿ, ಆ ದಾರಿಯೇ ಬಂದ್. ಮರ ಒಣಗುತ್ತದೆ.

ಅಮೆರಿಕದ ವಾಶನ್ ದ್ವೀಪದಲ್ಲಿ ಮರವೊಂದು ಸೈಕಲ್ಲನ್ನೇ ಒಳಗೆ ಹಾಕಿಕೊಂಡು ನಿಂತಿರುವ ಫೋಟೋವನ್ನು ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ಅಷ್ಟು ವರ್ಷ ಸೈಕಲ್ಲು ಹುಡುಕದೆ ಸುಮ್ನೆ ಇದ್ದರಲ್ಲ, ಎಂಥ ಜನ ಮಾರಾಯ!"

ಕಳೆದ ಮಳೆಗಾಲದ ಗಾಳಿಗೆ ಬೇಲಿ ಸಾಲಿನ ಹಲಸು ಉರುಳಿತು. ದಾರಂದಕ್ಕಾಯಿತು ಅಂತ ಎಲ್ಲರಿಗೂ ಖುಷಿ. ಮರ ಕೊಯ್ಯಲು ಮಿಷನ್ನಿನವನು ಬಂದ. ಮೊಳೆ ಎಲ್ಲಿರಬಹುದು ಅಂತ ಚರ್ಚೆ ಶುರುವಾಯಿತು. "ನಾನು ಹೊಡೆದದ್ದು ಎದೆಮಟ್ಟಕ್ಕೆ. ಮರ ಎಷ್ಟು ಎತ್ತರ ಹೋಯ್ತು ನೋಡು, ಮೊಳೆಯೂ ಮೇಲೆ ಹೋಗಿರುತ್ತೆ. ಬುಡದಲ್ಲಿ ಧೈರ್ಯವಾಗಿ ಕೊಯ್ಯಿ" ಅಂದರು ದೊಡ್ಡಪ್ಪ. ಮರ ಉದ್ದ ಬೆಳೆಯುವುದು ತುದಿಯಲ್ಲಿ, ಕಾಂಡ ಬರೀ ದಪ್ಪವಾಗುತ್ತದೆ, ಮೊಳೆ ಹೊಡೆದಲ್ಲೇ ಇರುತ್ತದೆ ಅಂತ ನಾನೆಂದೆ. ಮಿಷನ್ನಿನವನು ನನ್ನನ್ನು ನೋಡಿದ, ದೊಡ್ಡಪ್ಪನ ಬಿಳಿ ಮೀಸೆ ನೋಡಿದ, ಎದೆಮಟ್ಟಕ್ಕೇ ಮಿಷನ್ ಇಟ್ಟ.

ಹಳದಿ ಪುಡಿ ಚೆಂದಾಗಿ ಉದುರುತ್ತಿತ್ತು. ಇದ್ದಕ್ಕಿದ್ದಂತೆ "ಕಿರ್ರ್" ಅಂತು, ಕಿಡಿ ಹಾರಿತು. ಚೈನಿನ ಹಲ್ಲು ಹೋಯಿತು, ಅದರ ದುಡ್ಡು ನಮ್ಮ ಲೆಕ್ಕಕ್ಕೆ ಬಂತು. ಕೊಯ್ದ ಜಾಗದಲ್ಲಿ ಹೊಂಬಣ್ಣದ ಕಟ್ಟಿಗೆಯ ನಡುವೆ ತುಕ್ಕಿನ ಕಪ್ಪು ಕಲೆ, ಕಲೆಯ ಮಧ್ಯೆ ತಂತಿಯ ಒಂದು ಮುಳ್ಳು, ಇನ್ನೂ ಚೂಪಾಗಿ. "ಈ ಒಂದು ಮೊಳೆ ಹೇಗೋ ಇಲ್ಲೇ ಉಳಿದುಬಿಟ್ಟಿದೆ" ಅಂದರು ದೊಡ್ಡಪ್ಪ.

ಸಾಮಿಲ್ಲಿನವನು ಕೊನೆಗೆ ಮೇಲಿನ ದಿಮ್ಮಿಯನ್ನಷ್ಟೇ ಒಪ್ಪಿಕೊಂಡ. ದಾರಂದ ಆಯಿತು. ಬುಡದ ತುಂಡನ್ನು ಸೌದೆಗೂ ಒಡೆಯಲಾಗಲಿಲ್ಲ, ಕೊಡಲಿ ಬಿದ್ದಲ್ಲೆಲ್ಲ ಠಣ್ ಅನ್ನುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದ್ದೇವೆ. ಮೊನ್ನೆ ಹೋಗಿ ನೋಡಿದರೆ ಅದಕ್ಕೆ ಹೊಸ ಮೊಳೆ, ಮೊಳೆಗೆ ದೊಡ್ಡಪ್ಪನ ಕೊಡೆ.

"ಮತ್ತೆ ಹೊಡೆದ್ರಾ ದೊಡ್ಡಪ್ಪ?"

"ಇದಿನ್ನು ಬೆಳೆಯೋದಿಲ್ಲವಲ್ಲ. ನುಂಗಲಿ ನೋಡೋಣ."